‘ಇನ್’ ಅಲ್ಲ ಸಾರ್, ‘ಔಟ್‌ಸೈಡ್’



ಒಂದು ಪ್ರಿಪೊಸಿಷನ್‌ಗಾಗಿ ಇಷ್ಟು ಸಿಟ್ಟೇ ಅಂತ ನೀವು ಕೇಳಬಹುದು. ಕೇಳಿ. ಮೊದಲು ನಡೆದದ್ದು ಹೇಳ್ತೀನಿ.

ಕಳೆದ ತಿಂಗಳು ನಮ್ಮ ಹಾಸ್ಟೆಲಿನ ಪಿ.ಯು.ಸಿ. ಹುಡುಗನೊಬ್ಬ ಇಂಗ್ಲಿಷ್ ನೋಟ್‌ಬುಕ್ ಹಿಡಿದು ನನ್ನ ರೂಮಿಗೆ ಬಂದ. ಇಂಗ್ಲಿಷ್ ಬಾರದವರಿಗೆ ಅಂತ ಅವನ ಕಾಲೇಜಿನಲ್ಲಿ ಒಂದು ತೆಳ್ಳನೆಯ ಪುಸ್ತಕ ಕೊಟ್ಟಿದ್ದಾರೆ. ನುಣುಪು ಕಾಗದ, ಪುಟಕ್ಕೊಂದು ಬಣ್ಣದ ಚಿತ್ರ. ಸುಲಭ ಇಂಗ್ಲಿಷಿನಲ್ಲಿ ನಮ್ಮ ದೇಶದ ಸಂಸ್ಕೃತಿ, ಇತಿಹಾಸ. ತಾಜಮಹಲು, ದೀಪಾವಳಿ, ಯೋಗ, ಅಕ್ಬರ. ಆಮೇಲೆ ‘ಭಾರತದ ಹಳ್ಳಿ’ ಅಂತ ಒಂದು ಪಾಠ. ಕುಂಬಾರ ಮಡಕೆ ಮಾಡ್ತಾನೆ, ಬಡಗಿ ನೇಗಿಲು ಮಾಡ್ತಾನೆ, ರೈತ ಉಳ್ತಾನೆ, ಪೂಜಾರಿ ಗಂಟೆ ಬಾರಿಸ್ತಾನೆ, ಎಲ್ಲರೂ ಒಂದೇ ಮನೆಯವರ ಹಾಗೆ ಸುಖವಾಗಿದ್ದಾರೆ. ಸತ್ತ ದನ ಎಳೆಯೋರು ಯಾರು? ತಮಟೆ ಬಡಿಯೋರು ಯಾರು? ಹೆಣಕ್ಕೆ ಗುಂಡಿ ತೋಡೋರು ಯಾರು? ಆ ಹಳ್ಳಿಯಲ್ಲಿ ದನವೂ ಸಾಯೋದಿಲ್ಲ, ಜನವೂ ಸಾಯೋದಿಲ್ಲ. ಪಾಠದ ಕೊನೆಗೆ ಅಭ್ಯಾಸ: ನೀನು ಎಲ್ಲಿ ವಾಸಿಸುತ್ತೀಯ? ಐದು ವಾಕ್ಯ ಬರೆ.

ಹುಡುಗ ಬರೆದ ಮೊದಲನೇ ವಾಕ್ಯ: ‘ಐ ಲಿವ್ ಔಟ್‌ಸೈಡ್ ದಿ ವಿಲೇಜ್.’

ಮೇಷ್ಟ್ರು ಕೆಂಪು ಇಂಕಿನಲ್ಲಿ ‘ಔಟ್‌ಸೈಡ್’ ಹೊಡೆದುಹಾಕಿ ಮೇಲೆ ‘ಇನ್’ ಅಂತ ಬರೆದಿದ್ದರು. ಅರ್ಧ ಮಾರ್ಕು ಕಡಿತ.

‘ಯಾಕಣ್ಣ ತಪ್ಪು?’ ಅಂದ. ಗ್ರಾಮರ್ ಎಲ್ಲೋ ಎಡವಿದೆ ಅನ್ನೋದು ಅವನ ಭಯ. ನಾನು ಬಿ.ಎ. ಮಾಡಿದವನು, ಇಂಗ್ಲಿಷ್ ಆಪ್ಷನಲ್ ಬೇರೆ. ವಾಕ್ಯವನ್ನು ತಿರುವಿ ತಿರುವಿ ಓದಿದೆ. ಒಂದಕ್ಷರ ತಪ್ಪಿಲ್ಲ. ಅವನ ಹಟ್ಟಿ ನಾನು ನೋಡಿದ್ದೇನೆ. ಊರ ಬಸ್‌ಸ್ಟಾಂಡಿನಿಂದ ಇಳಿದು, ಕೆರೆ ಏರಿ ದಾಟಿ, ಮತ್ತೆ ಅರ್ಧ ಮೈಲಿ. ಆ ಪುಸ್ತಕವೂ ಈ ನೋಟ್‌ಬುಕ್ಕೂ ಸೇರಿ ಇದ್ದ ಒಂದೇ ಒಂದು ಸತ್ಯವಾದ ವಾಕ್ಯಕ್ಕೆ ಗೀಟು ಬಿದ್ದಿತ್ತು.

ಮೇಷ್ಟ್ರು ಕೆಟ್ಟವರೇನಲ್ಲ. ಹುಡುಗನಿಗೆ ಪ್ರಿಪೊಸಿಷನ್ ಬರೋಲ್ಲ ಅಂತ ತಿಳಿದಿರಬೇಕು ಅಷ್ಟೆ. ಊರ ಹೊರಗೆ ಮನುಷ್ಯರಿರ್ತಾರೆ ಅಂತ ಆ ಪುಸ್ತಕ ಅವರಿಗೂ ಹೇಳಿಕೊಟ್ಟಿಲ್ಲ. ಸುಖದ ಹಳ್ಳಿಯ ಈ ಕಥೆ ಹಳೇದು. ಭಾರತದ ಹಳ್ಳಿಗಳು ಪುಟ್ಟ ಗಣರಾಜ್ಯಗಳು ಅಂತ ಹೊಗಳಿದ್ದು ಮೆಟ್ಕಾಫ್ ಅನ್ನೋ ಬ್ರಿಟಿಷ್ ಅಧಿಕಾರಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಆ ಹೊಗಳಿಕೆಯನ್ನು ಎತ್ತಿಕೊಂಡು ಎಲ್ಲರೆದುರು ಜಾಡಿಸಿದರು. ಜಾಡಿಸಿದ ಧೂಳು ಮತ್ತೆ ಬಂದು ನಮ್ಮ ಹುಡುಗರ ಪುಸ್ತಕದ ಮೇಲೇ ಕೂತಿದೆ. ಮೊಬೈಲಿನಲ್ಲಿ ಇಂಗ್ಲಿಷ್ ಕಲಿಸ್ತೀವಿ ಅನ್ನೋರ ಪಾಠಗಳಲ್ಲೂ ನಾನು ನೋಡಿದ್ದು ಅದೇ ಕುಂಬಾರ, ಅದೇ ಗಂಟೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಾ ಇಲ್ಲ. ಹಾಗೆ ಹೇಳೋರು ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ ಬಂದು ನಮಗೆ ಭಾಷಣ ಮಾಡ್ತಾರೆ. ಸಾವಿತ್ರಿಬಾಯಿ ಫುಲೆ 1854ರಷ್ಟು ಹಿಂದೆಯೇ ತಮ್ಮ ‘ಕಾವ್ಯಫುಲೆ’ಯಲ್ಲಿ ಇಂಗ್ಲಿಷ್ ಕಲಿಯಿರಿ ಅಂತ ಪದ್ಯ ಕಟ್ಟಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ, ನೀವು ಇಂಗ್ಲಿಷ್ ಕಲಿಯಿರಿ ಅಂದಾಗ ಏನಾಯಿತು ಗೊತ್ತಲ್ಲ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಬೀದಿ ಬೀದಿಯಲ್ಲಿ ಗಲಾಟೆ, ಕೊನೆಗೆ ಅವರ ಮಂತ್ರಿ ಪದವಿಯೇ ಹೋಯಿತು. ಆ ಏಟು ತಿಂದವರ ತಮ್ಮಂದಿರು, ಮೊಮ್ಮಕ್ಕಳು ನಾವು. ಇಂಗ್ಲಿಷ್ ಬೇಕು. ಆದರೆ ಬೂಸಾ ಇಂಗ್ಲಿಷಿನಲ್ಲಿದ್ದರೂ ಬೂಸಾನೇ ಕಣ್ರೋ.

ಈ ‘ಸುಲಭ ಓದು’ ಅನ್ನೋದು ಎಲ್ಲಿಂದ ಬಂತು? ಕೇಳಿದರೆ ಆಶ್ಚರ್ಯಪಡ್ತೀರಿ, ನಮ್ಮ ಕಡೆಯಿಂದಲೇ ಹೋಯಿತು. 1920ರ ದಶಕದಲ್ಲಿ ಢಾಕಾದಲ್ಲಿ ಮೇಷ್ಟರುಗಳಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ ಅನ್ನೋ ಇಂಗ್ಲಿಷಿನವನು ಬಂಗಾಳದ ಹುಡುಗರು ಇಂಗ್ಲಿಷ್ ಪುಸ್ತಕದಲ್ಲಿ ಯಾಕೆ ಮುಗ್ಗರಿಸ್ತಾರೆ ಅಂತ ನೋಡಿದ. ಪುಟಪುಟಕ್ಕೂ ಹೊಸ ಪದಗಳು ಕಲ್ಲಿನ ಹಾಗೆ ಸುರಿದಿದ್ದವು. ಕಷ್ಟದ ಪದ ತೆಗೆದು ಗೊತ್ತಿರೋ ಪದ ಹಾಕಿದ, ಹೊಸ ಪದಗಳನ್ನು ಒಂದೊಂದಾಗಿ ಇಳಿಸಿದ, ‘ನ್ಯೂ ಮೆಥಡ್ ರೀಡರ್’ಗಳನ್ನು ಮಾಡಿದ. ಆಮೇಲೆ 1953ರಲ್ಲಿ ಸುಮಾರು 2000 ಪದಗಳ ಪಟ್ಟಿಯನ್ನೂ ತಂದ. ಅವನ ಬುದ್ಧಿಯನ್ನು ಮೆಚ್ಚಲೇಬೇಕು. ಅರ್ಧಕ್ಕೆ ಶಾಲೆ ಬಿಡೋ ಹುಡುಗನಿಗೆ ಮಾತಾಡೋಕೆ ಬಾರದಿದ್ದರೂ ಓದೋಕಾದರೂ ಬರಲಿ ಅನ್ನೋದು ಅವನ ಲೆಕ್ಕ. ಅರ್ಧಕ್ಕೆ ಶಾಲೆ ಬಿಡೋರು ಯಾರು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

1930ರಲ್ಲಿ ಸಿ.ಕೆ. ಆಗ್ಡೆನ್ ಅನ್ನೋ ಇನ್ನೊಬ್ಬ ಇನ್ನೂ ಮುಂದೆ ಹೋಗಿ, 850 ಪದ ಸಾಕು, ಲೋಕವನ್ನೆಲ್ಲ ಹೇಳಬಹುದು ಅಂದ. ‘ಬೇಸಿಕ್ ಇಂಗ್ಲಿಷ್’ ಅಂತ ಹೆಸರು. ಆ ಪಟ್ಟಿಯನ್ನು ನಾನು ಕೂತು ಓದಿದೆ. ‘ಸರ್ವೆಂಟ್’ ಇದೆ. ‘ಕಾಸ್ಟ್’ ಇಲ್ಲ. ಅಲ್ಲಿಗೆ ಮುಗೀತು ಅಂತ ಪುಸ್ತಕ ಬರೆಯೋರು ಅಂದುಕೊಂಡಿರಬಹುದು. ಆದರೆ ಅದೇ ಪಟ್ಟಿಯಲ್ಲಿ ‘ವಾಟರ್’ ಇದೆ, ‘ಟಚ್’ ಇದೆ, ‘ನಾಟ್’ ಇದೆ, ‘ಡರ್ಟಿ’ ಇದೆ, ‘ಕ್ರೂಯೆಲ್’ ಇದೆ. ಇನ್ನೇನು ಬೇಕು? ನಮ್ಮ ಇತಿಹಾಸ ಹೇಳೋಕೆ ಪದ ಸಾಲದೇ ಹೋಗಿದ್ದಲ್ಲ, ಮನಸ್ಸು ಸಾಲಲಿಲ್ಲ.

ಈ ಸುಲಭ ಪುಸ್ತಕಗಳಲ್ಲಿ ಮತ್ತೆ ಮತ್ತೆ ಸಣ್ಣದು ಮಾಡಿ ಅಚ್ಚು ಹಾಕೋ ಕಥೆ ರಾಬಿನ್‌ಸನ್ ಕ್ರೂಸೋ. ದ್ವೀಪದಲ್ಲಿ ಒಬ್ಬಂಟಿ ಬಿಳಿಯ. ಅವನಿಗೊಬ್ಬ ಆದಿವಾಸಿ ಸಿಗ್ತಾನೆ. ನಿನ್ನ ಹೆಸರೇನಪ್ಪ ಅಂತ ಕೇಳೋದಿಲ್ಲ. ಸಿಕ್ಕಿದ್ದು ಶುಕ್ರವಾರ, ನೀನು ಫ್ರೈಡೆ ಅಂತಾನೆ. ಆಮೇಲೆ ಇಂಗ್ಲಿಷ್ ಪಾಠ ಶುರು. ಶುರುವಿನಲ್ಲೇ ಕಲಿಸಿದ ಪದ ಯಾವುದು? ‘ಮಾಸ್ಟರ್’. ಅದೇ ತನ್ನ ಹೆಸರು ಅಂತಾನೆ. ಆಮೇಲೆ ‘ಎಸ್’, ‘ನೋ’. ಇಂಗ್ಲಿಷ್ ಕಲಿಯೋನ ಕಥೆ ಇದು, ಇಂಗ್ಲಿಷ್ ಕಲಿಯೋರಿಗೆ ಅಂತ ಕೊಟ್ಟಿದ್ದು! ನಮ್ಮಪ್ಪಂದಿರಿಗೆ ‘ಬುದ್ಧಿ’, ‘ಸ್ವಾಮಿ’, ‘ಅಡ್ಡಬಿದ್ದೆ’ ಅಂತ ಕಲಿಸಿದೋರೂ ಬಾಲಪಾಠದಿಂದಲೇ ಶುರು ಮಾಡಿದ್ದು.

ಈಗ ಕೆಲವರು ಬರ್ತಾರೆ, ತುಂಬಾ ಮೃದುವಾಗಿ ಮಾತಾಡೋರು. ‘ನಿಮ್ಮ ನೋವು ನಿಜಾನಪ್ಪ, ಆದರೆ ಅದು ಕಷ್ಟದ ವಿಷಯ. ಕಲಿಯೋ ಹುಡುಗರಿಗೆ ಮೊದಲು ಸರಳವಾದ್ದು ಕೊಡೋಣ’ ಅಂತಾರೆ. ಅವರಿಗೆ ನಾನು ಒಂದು ಪುಸ್ತಕ ತೋರಿಸ್ತೀನಿ. ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’. ಒಂದು ಸಂಜೆಗೆ ಮುಗಿಯುವಷ್ಟು ಸಣ್ಣದು. ಅಸ್ಪೃಶ್ಯತೆ ಅಂದರೇನು ಅಂತ ಹೊರದೇಶದವರಿಗೆ ತಿಳೀಲಿ ಅಂತ ಬರೆದದ್ದು, ಅದಕ್ಕೇ ಭಾಷೆ ಅಷ್ಟು ತಿಳಿ. 1901ರಲ್ಲಿ ಸಾತಾರಾದಿಂದ ಅಪ್ಪನನ್ನು ನೋಡೋಕೆ ಗೋರೆಗಾಂವ್‌ಗೆ ಹೊರಟ ಹುಡುಗರ ಕಥೆ ಓದಿ. ಹೊಸ ಬಟ್ಟೆ ಹಾಕಿಕೊಂಡು ಮಸೂರ್ ಸ್ಟೇಷನ್ನಿನಲ್ಲಿ ಇಳೀತಾರೆ. ಕರೆದುಕೊಂಡು ಹೋಗೋಕೆ ಯಾರೂ ಬಂದಿಲ್ಲ. ಚೆಂದದ ಮಕ್ಕಳು ಅಂತ ಮಾತಾಡಿಸಿದ ಸ್ಟೇಷನ್ ಮಾಸ್ತರ ಮಹಾರರು ಅಂತ ಗೊತ್ತಾದ ಕೂಡಲೇ ಹಿಂದೆ ಸರೀತಾನೆ. ಗಾಡಿಯವರು ಒಲ್ಲೆ ಅಂತಾರೆ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ತಾನೆ, ಗಾಡಿ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡೀತಾನೆ. ಬುಟ್ಟಿ ತುಂಬ ಊಟ ಇದೆ. ನೀರಿಲ್ಲ. ಕೊಡೋರಿಲ್ಲ. ಉಪವಾಸ ಮಲಗ್ತಾರೆ.

ಇದರಲ್ಲಿ ಯಾವ ಪದ ಕಷ್ಟ? ಗಾಡಿ, ಬುಟ್ಟಿ, ನೀರು, ರಾತ್ರಿ. ನಮ್ಮ ಹಾಸ್ಟೆಲ್ ಹುಡುಗನಿಗೆ ನಾನು ಇದನ್ನು ಕೊಟ್ಟೆ. ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಕೂತ. ತಾಜಮಹಲಿನ ಪಾಠ ಅವನು ಬಾಯಿಪಾಠ ಮಾಡಿ ಮರೆತಿದ್ದ. ಇದನ್ನು ಮಾತ್ರ ಮೆಸ್ಸಿನಲ್ಲಿ ಊಟ ಮಾಡ್ತಾ ಎಲ್ಲರಿಗೂ ಹೇಳಿದ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ.

ನಮ್ಮ ನೆಲದ್ದೇ ಒಂದು ಹೇಳಲಾ? 1856ರ ಜೂನ್. ಧಾರವಾಡ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಒಬ್ಬ ಮಹಾರ್ ಹುಡುಗ ಸರಕಾರಿ ಶಾಲೆಗೆ ಸೇರೋಕೆ ಹೋಗ್ತಾನೆ. ಫೀಜು ಕೊಡ್ತೀನಿ ಅಂತಾನೆ. ಸೇರಿಸಿಕೊಳ್ಳೋಲ್ಲ. ಸುಮ್ಮನೆ ಮನೆಗೆ ಬರಲಿಲ್ಲ ಆ ಹುಡುಗ, ಮುಂಬಯಿ ಸರಕಾರಕ್ಕೇ ಅರ್ಜಿ ಬರೆದ. ಸರಕಾರ ಏನಂತು? ನ್ಯಾಯ ಅವನ ಕಡೆಗಿದೆ, ಆದರೆ ಅವನೊಬ್ಬನಿಗಾಗಿ ಉಳಿದವರ ಶಾಲೆ ಕೆಡಿಸೋಕಾಗಲ್ಲ ಅಂತು. 1858ರಲ್ಲಿ ಲಂಡನ್ನಿನಿಂದ ಕಂಪನಿಯ ಡೈರೆಕ್ಟರುಗಳು ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ಅಂತ ಬರೆದು ಕಳಿಸಿದರು. ಕಾಗದದ ಮೇಲೆ ಬಾಗಿಲು ತೆರೀತು. ಈ ಹುಡುಗನ ಬಗ್ಗೆ ಯಾವ ಸುಲಭ ಪುಸ್ತಕದಲ್ಲಾದರೂ ಓದಿದ್ದೀರಾ? ಆಗ್ಡೆನ್ನನ ಪಟ್ಟಿಯ ಪದಗಳಲ್ಲೇ ಬರೀಬಹುದು: ‘ದಿ ಬಾಯ್ ಕೇಮ್ ಟು ದಿ ಸ್ಕೂಲ್. ಹಿ ಹ್ಯಾಡ್ ದಿ ಮನಿ. ದಿ ಡೋರ್ ವಾಸ್ ಶಟ್.’ ಮೂರು ವಾಕ್ಯ. ಏಳನೇ ಕ್ಲಾಸಿನ ಹುಡುಗಿಯೂ ಓದ್ತಾಳೆ.

ಹುಡುಗಿ ಅಂದಾಗ ಮುಕ್ತಾ ಸಾಳ್ವೆ ನೆನಪಾಗ್ತಾಳೆ. ಫುಲೆ ದಂಪತಿಗಳ ಶಾಲೆಯ ಮಾಂಗ್ ಹುಡುಗಿ, ಹದಿನಾಲ್ಕರ ಆಸುಪಾಸಿನ ವಯಸ್ಸು. 1855ರಲ್ಲಿ ಮಹಾರ್ ಮಾಂಗರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವಿದ್ಯಾರ್ಥಿನಿ ಬರೆದದ್ದು ವಿದ್ಯಾರ್ಥಿಗಳಿಗೆ ಕಷ್ಟವಾದೀತೇ?

ನಮ್ಮವರನ್ನೂ ಬಿಡೋಲ್ಲ. ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಬಂಕಾ ಹಳ್ಳಿಯಲ್ಲಿ 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟೋಕೆ ಹೊರಟರು. ತಲೆಗೆ ಹ್ಯಾಟು, ಒಂದು ಕೈಲಿ ಪೆನ್ನು, ಇನ್ನೊಂದರಲ್ಲಿ ಸಂವಿಧಾನ. ಆಸೆ ಅರ್ಥವಾಗುತ್ತೆ. ಆದರೆ ಗುಡಿಗಳಿಂದ ಆಚೆ ನಿಂತು ಸಾಕಾಗಿರೋ ನಮಗೆ ಇನ್ನೊಂದು ಗುಡಿ ಯಾಕೆ? ಹದಿನಾರು ಪುಟದ ಪುಸ್ತಕ ಕೊಡಿ. ಇನ್ನು ನಾನೂ ಸೇರಿ ನಮ್ಮ ಕವಿಗಳು, ಸಭೆಯಲ್ಲಿ ಚಪ್ಪಾಳೆ ಬೀಳೋ ಸಾಲು ಬರೀತೀವೇ ಹೊರತು ಹಾಸ್ಟೆಲ್ ಹುಡುಗ ಡಿಕ್ಷನರಿ ಇಲ್ಲದೆ ಓದೋ ಒಂದು ಪುಟ ಇಂಗ್ಲಿಷ್ ಬರೆದುಕೊಟ್ಟಿಲ್ಲ. ಪ್ರೊಫೆಸರುಗಳಾದ ಅಣ್ಣಂದಿರು ನಮ್ಮ ಬಗ್ಗೆ ಬರೆಯೋ ಇಂಗ್ಲಿಷ್ ನಮಗೇ ಅರ್ಥ ಆಗೋಲ್ಲ.

ಅದಕ್ಕೇ ಮುಂದಿನ ಭಾನುವಾರ ಸಭೆ ಮುಗಿದ ಮೇಲೆ ಹಾಸ್ಟೆಲಿನ ಓದೋ ಕೋಣೆಯಲ್ಲಿ ಕೂರೋಣ. ನೋಟ್‌ಬುಕ್ ತನ್ನಿ. ಇಂಗ್ಲಿಷ್ ಅಕ್ಷರ ಬಾರದಿದ್ದರೆ ಕನ್ನಡ ಅಕ್ಷರದಲ್ಲೇ ಬರೀರಿ, ತಿದ್ದಿಕೊಳ್ಳೋಣ. ಪುಟಕ್ಕೆ ಐದು ಹೊಸ ಪದ, ಅದಕ್ಕಿಂತ ಹೆಚ್ಚು ಬೇಡ. ಸೈಕ್ಲೋಸ್ಟೈಲ್ ಖರ್ಚಿಗೆ ತಲೆಗೆ ಹತ್ತು ರೂಪಾಯಿ. ಧಾರವಾಡದ ಹುಡುಗನ ಪುಟ ನಾನು ಹಿಡಿದಿದ್ದೇನೆ, ಒಂಬತ್ತು ಸಾಲಾಗಿದೆ. ‘ಐ ಲಿವ್ ಔಟ್‌ಸೈಡ್ ದಿ ವಿಲೇಜ್’ ಅನ್ನೋದನ್ನ ಆ ಪಿ.ಯು.ಸಿ. ಹುಡುಗನೇ ಮುಂದುವರಿಸ್ತಾನಂತೆ. 1927ರ ಮಾರ್ಚ್ 20, ಮಹಾಡದ ಚೌದಾರ್ ಕೆರೆ, ಬಾಬಾಸಾಹೇಬರು ಬೊಗಸೆಯಲ್ಲಿ ನೀರೆತ್ತಿದ್ದು. ಅದನ್ನು ಯಾರು ಬರೀತೀರಿ?