ಮೂರನೆಯ ಕಣ್ಣು ಎಲ್ಲಿರಬೇಕು?

ವಿಮಾನದಿಂದ ಧುಮುಕುವವನು ತನ್ನ ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾವನ್ನು ಎಲ್ಲಿ ಕಟ್ಟಿಕೊಳ್ಳಬೇಕು? ಐ.ಡಿ.ಹಳ್ಳಿಯಲ್ಲಿ ಕುಳಿತು, ಕಡಲೆಕಾಯಿ ಬೆಳೆಯುವವರ ಮನೆಯ ಹುಡುಗನೊಬ್ಬ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದು ಕೆಲವರಿಗೆ ನಗೆ ತರಿಸೀತು. ವಿಮಾನವನ್ನು ನಾನು ತಲೆಯೆತ್ತಿ ನೋಡಿದ್ದೇನೆಯೇ ಹೊರತು ಹತ್ತಿದವನಲ್ಲ. ಆದರೂ ವಿಷಯ ನಮ್ಮಿಂದ ಅಷ್ಟೇನೂ ದೂರವಿಲ್ಲ. ಮೈಸೂರಿನ ವಿಮಾನ ನಿಲ್ದಾಣದಿಂದ ಮೇಲೇರಿ, ಚಾಮುಂಡಿ ಬೆಟ್ಟವನ್ನು ಕೆಳಗೆ ನೋಡುತ್ತ ಧುಮುಕಿದವರಿದ್ದಾರೆ. ಎನ್.ಸಿ.ಸಿ. ಕೆಡೆಟ್ಟುಗಳಲ್ಲಿ ಆಯ್ದವರಿಗೆ ಆಗ್ರಾದಲ್ಲಿ ಪ್ಯಾರಾಚೂಟ್ ತರಬೇತಿ ದೊರೆಯುತ್ತದೆ. ನಮ್ಮ ತರಗತಿಯಲ್ಲಿಯೇ ಆ ಕನಸು ಕಾಣುವ ಗೆಳೆಯನೊಬ್ಬನಿದ್ದಾನೆ. ಅಲ್ಲಿಂದ ಮುಂದೆ ಆಕಾಶಜಿಗಿತದ ಕ್ರೀಡೆಗೇ ಇಳಿದು, ನೆತ್ತಿಯ ಮೇಲೆ ಕ್ಯಾಮೆರಾ ಕಟ್ಟಿಕೊಂಡು ಹಾರುತ್ತೇನೆಂಬುದು ಅವನ ಪಣ. ಮೊಬೈಲಿನಲ್ಲಿ ನೋಡಿದ ಚಿತ್ರಗಳು ಅವನಿಗೆ ಆಧಾರ. ಈ ವಿಚಾರವಾಗಿ ವಿದ್ಯಾರ್ಥಿನಿಲಯದಲ್ಲಿ ಹಲವು ರಾತ್ರಿ ವಾದ ನಡೆದಿದೆ. ನನ್ನ ಪಕ್ಷವನ್ನು ಇಲ್ಲಿ ಬರೆದಿಡುತ್ತೇನೆ.

ನೆತ್ತಿಯ ಪರವಾಗಿ ಹೇಳಬಹುದಾದ ಮಾತು ಇಲ್ಲದಿಲ್ಲ. ಹುಲ್ಲಿನ ಹೊರೆಯನ್ನೋ ನೀರಿನ ಕೊಡವನ್ನೋ ಹೊತ್ತು ಬರುವ ನಮ್ಮ ಹೆಂಗಸರನ್ನು ನೋಡಿದವರಿಗೆ ಇದು ಹೊಸದಲ್ಲ. ಸಿಂಬೆ ನೆತ್ತಿಯ ನಡುವೆ ಕುಳಿತರೆ ಭಾರವೆಲ್ಲ ಬೆನ್ನುಮೂಳೆಯ ನೇರಕ್ಕೆ ಇಳಿಯುತ್ತದೆ. ಒಂದು ಪಕ್ಕಕ್ಕೆ ವಾಲಿದರೆ ಕತ್ತು ಉಳುಕುತ್ತದೆ. ಹೊಟ್ಟೆ ಕೆಳಗಾಗಿ ಬೀಳುವವನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರು. ಪ್ಯಾರಾಚೂಟು ಬಿಚ್ಚಿಕೊಂಡಾಗ ಆ ವೇಗ ಕೆಲವೇ ಸೆಕೆಂಡುಗಳಲ್ಲಿ ಬಹುಪಾಲು ಇಳಿದುಹೋಗುತ್ತದೆ. ಆ ಎಳೆತದಲ್ಲಿ ತಲೆಯ ಮೇಲಿನ ಪ್ರತಿಯೊಂದು ವಸ್ತುವೂ ತನ್ನ ತೂಕದ ಹಲವು ಪಟ್ಟು ಭಾರವಾಗುತ್ತದೆ. ಕಿವಿಯ ಪಕ್ಕದಲ್ಲಿ ಕಟ್ಟಿದ ಕ್ಯಾಮೆರಾ ಕತ್ತನ್ನು ಒಂದೇ ಕಡೆಗೆ ತಿರುಚುವುದು ಆಗಲೇ. 1969ರಲ್ಲಿ ಬಂದ ‘ದಿ ಜಿಪ್ಸಿ ಮಾತ್ಸ್’ ಎಂಬ ಅಮೆರಿಕದ ಚಲನಚಿತ್ರಕ್ಕಾಗಿ ಕಾರ್ಲ್ ಬೋನಿಷ್ ಎಂಬವರು ಹೆಲ್ಮೆಟ್ಟಿಗೆ ಫಿಲ್ಮ್ ಕ್ಯಾಮೆರಾ ಬಿಗಿದುಕೊಂಡು ಬೀಳುತ್ತಲೇ ಚಿತ್ರ ತೆಗೆದರು. ಅಂಥ ಭಾರ ಹೊತ್ತವರು ಮೊದಲು ಕತ್ತಿನ ಯೋಚನೆ ಮಾಡಿದರೆ ಅದು ನ್ಯಾಯವೇ.

ಆದರೆ ಈಗ ಬರುವ ಪುಟ್ಟ ಕ್ಯಾಮೆರಾದ ತೂಕ 150 ಗ್ರಾಮಿನ ಆಸುಪಾಸು. ಭಾರದ ವಾದ ಬಹುಮಟ್ಟಿಗೆ ಬಿದ್ದುಹೋಯಿತು. ಉಳಿದದ್ದು ಹಗ್ಗದ ವಾದ. ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು.

ಪ್ಯಾರಾಚೂಟು ಇರುವುದು ಬೆನ್ನಿನ ಚೀಲದಲ್ಲಿ. ಅದು ಬಿಚ್ಚುವಾಗ ತಲೆಯ ಹಿಂದಿನಿಂದ ಮೇಲಕ್ಕೆ ಚಿಮ್ಮುತ್ತದೆ. ತೆಳ್ಳನೆಯ ಹಗ್ಗಗಳು ಅದರ ಬೆನ್ನಿಗೇ ಓಡುತ್ತವೆ. ಹಾರುವವನ ಮೈ ನೆಟ್ಟಗಿದ್ದರೆ ಸರಿ. ಮೈ ಉರುಳಿದ್ದರೆ, ತಲೆ ವಾರೆಯಾಗಿದ್ದರೆ, ಆ ಹಗ್ಗಗಳು ನೆತ್ತಿಯನ್ನೂ ಕಿವಿಯನ್ನೂ ಸವರಿಕೊಂಡೇ ಹೋಗಬಹುದು. ಅಲ್ಲಿ ಕೊಂಬಿನಂತೆ ಚಾಚಿಕೊಂಡ ವಸ್ತುವೊಂದಿದ್ದರೆ ಹಗ್ಗ ಸಿಕ್ಕಿಕೊಳ್ಳುತ್ತದೆ. ಹುಣಿಸೆ ಮರ ಹತ್ತಿ ಕಾಯಿ ಬಡಿಯುವವನು ಮೊದಲು ಪಂಚೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಜೋತಾಡುವ ಬಟ್ಟೆ ಕೊಂಬೆಗೆ ಸಿಕ್ಕರೆ ಏನಾಗುವುದೆಂದು ಅವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಹಗ್ಗ ಸಿಕ್ಕಿಕೊಂಡರೆ ಮುಂದೇನು? ಪ್ಯಾರಾಚೂಟು ಕೆಟ್ಟಾಗ ಅದನ್ನು ಕಳಚಿ, ಚೀಲದಲ್ಲಿರುವ ಎರಡನೆಯದನ್ನು ಬಿಚ್ಚಲು ಎದೆಯ ಮೇಲೆ ಎರಡು ಹಿಡಿಗಳಿರುತ್ತವೆ. ಕೆಟ್ಟ ಪ್ಯಾರಾಚೂಟು ಹೆಗಲಿನಿಂದ ಕಳಚಿಯೂ ಹೆಲ್ಮೆಟ್ಟಿಗೆ ಅಂಟಿಕೊಂಡೇ ಇದ್ದರೆ ಎರಡನೆಯದು ಅದಕ್ಕೇ ಸುತ್ತಿಕೊಂಡೀತು. ಆದುದರಿಂದ ಒಂದೇ ಎಳೆತಕ್ಕೆ ಹೆಲ್ಮೆಟ್ಟನ್ನಾದರೂ ಕ್ಯಾಮೆರಾವನ್ನಾದರೂ ಕಿತ್ತೆಸೆಯುವ ಏರ್ಪಾಡು ಇರಲೇಬೇಕು. ಎತ್ತು ಮುಗ್ಗರಿಸಿ ಬಿದ್ದಾಗ ಕೊರಳ ಹಗ್ಗ ಥಟ್ಟನೆ ಬಿಚ್ಚುವಂತೆ ಗಂಟು ಹಾಕುವುದನ್ನು ನಮ್ಮ ತಂದೆಯವರು ನನಗೆ ಹೇಳಿಕೊಟ್ಟದ್ದು ಏಳನೆಯ ವಯಸ್ಸಿನಲ್ಲಿ. ಕ್ಯಾಮೆರಾ ಬಿದ್ದುಹೋದೀತೆಂದು ಅದಕ್ಕೆ ಇನ್ನೊಂದು ದಾರ ಕಟ್ಟುವವರಿದ್ದಾರಂತೆ! ಹಗ್ಗ ಸಿಕ್ಕಿಕೊಳ್ಳಲು ಮತ್ತೊಂದು ಕುಣಿಕೆಯನ್ನು ತಾವೇ ಒದಗಿಸಿದಂತಾಯಿತು.

ಇಷ್ಟನ್ನೂ ತೂಗಿ ನೋಡಿದರೆ ಗದ್ದದ ಬಳಿಯೇ ಮೇಲು ಎನ್ನುತ್ತೇನೆ. ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್ಟಿನ ಗದ್ದದ ಭಾಗ ಹಗ್ಗಗಳ ಹಾದಿಯಿಂದ ದೂರ. ಕತ್ತಿನ ನಡುಗೆರೆಯಿಂದಲೂ ಅದು ಆಚೀಚೆ ಸರಿಯುವುದಿಲ್ಲ. ಗೆಳೆಯನ ಆಕ್ಷೇಪ ಇಷ್ಟು: ಗದ್ದದಲ್ಲಿದ್ದರೆ ಎದೆಯ ಮೇಲಿನ ಹಿಡಿಗಳೇ ಕಾಣದೆ ಹೋದಾವು. ಮಾತು ಸರಿಯೇ. ಹಿಡಿ ಕಾಣದಷ್ಟು ಮುಂದೆ ಚಾಚಿದ ಕ್ಯಾಮೆರಾ ಅಲ್ಲಿ ಸಲ್ಲದು. ಹೆಲ್ಮೆಟ್ಟಿನ ಮೈಗೆ ಒತ್ತಿಕೊಂಡು ಕೂರುವಂಥದು ಬೇಕು. ಅದು ದೊರೆಯದಿದ್ದರೆ ಕ್ಯಾಮೆರಾವನ್ನು ಮನೆಯಲ್ಲಿಯೇ ಬಿಡಲಿ. ಚಿತ್ರದ ಅಂದಕ್ಕೆ ನೆತ್ತಿಯೇ ಮೇಲೆಂಬ ಇನ್ನೊಂದು ಮಾತನ್ನು ನಾನು ಒಪ್ಪಲಾರೆ. ಶಿವನ ಮೂರನೆಯ ಕಣ್ಣು ಹಣೆಯಲ್ಲಿದೆಯೇ ಹೊರತು ಜಟೆಯ ಮೇಲಿಲ್ಲ. ಕಣ್ಣಿಗೆ ಹತ್ತಿರವಾದಷ್ಟೂ ಕ್ಯಾಮೆರಾ ನಾವು ಕಂಡದ್ದನ್ನೇ ಕಾಣುತ್ತದೆ. ನುರಿತ ಛಾಯಾಗ್ರಾಹಕರು ಗುರಿ ತಪ್ಪದಂತೆ ಒಂದು ಕಣ್ಣಿನ ಮುಂದೆ ಪುಟ್ಟ ಬಳೆಯಂಥ ಗುರುತನ್ನು ಇಟ್ಟುಕೊಳ್ಳುವುದೂ ಇದಕ್ಕಾಗಿಯೇ.

ಇನ್ನು, ಯಾವಾಗ ಕಟ್ಟಿಕೊಳ್ಳಬೇಕು ಎಂಬುದೂ ಇದೆ. ಅಮೆರಿಕದ ಪ್ಯಾರಾಚೂಟ್ ಸಂಘದವರು ಕನಿಷ್ಠ 200 ಬಾರಿ ಹಾರಿದ ಮೇಲೆಯೇ ಕ್ಯಾಮೆರಾ ಎಂದು ಸಲಹೆ ಕೊಟ್ಟಿದ್ದಾರೆ. ಆಗ್ರಾದ ಐದಾರು ಜಿಗಿತಗಳ ಮೇಲೆಯೇ ಆಸೆಪಡುತ್ತಿರುವ ನನ್ನ ಗೆಳೆಯನಿಗೆ ಈ ಸಂಖ್ಯೆ ಅವಮಾನದಂತೆ ಕಂಡಿತು. ಅವನಿಗೆ ನಾನು ಹೇಳಿದ ಸಂಗತಿ ಹೀಗಿದೆ. 1988ರಲ್ಲಿ ಉತ್ತರ ಕೆರೊಲಿನಾದಲ್ಲಿ, ನೂರಾರು ಬಾರಿ ಹಾರಿದ್ದ ಒಬ್ಬ ಛಾಯಾಗ್ರಾಹಕ ಇತರರ ಜಿಗಿತದ ಚಿತ್ರ ತೆಗೆಯಲೆಂದು ವಿಮಾನದಿಂದ ಧುಮುಕಿದ, ಪ್ಯಾರಾಚೂಟನ್ನೇ ತೊಟ್ಟಿರಲಿಲ್ಲ. ವೀಡಿಯೊ ಉಪಕರಣದ ಭಾರವನ್ನೇ ಪ್ಯಾರಾಚೂಟಿನ ಭಾರವೆಂದು ಭ್ರಮಿಸಿದ್ದಿರಬಹುದೆಂದು ಆಗ ಊಹಿಸಿದರು. ಕ್ಯಾಮೆರಾ ತಲೆಯ ಹೊರಗಿರುವಷ್ಟೇ ಒಳಗೂ ಜಾಗ ಹಿಡಿಯುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ, ಮೊಬೈಲು ಹಿಡಿದು ಹಿಂದು ಹಿಂದಕ್ಕೆ ಹೆಜ್ಜೆಯಿಡುವವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗೆಳೆಯ ಇನ್ನೂ ಪೂರ್ತಿ ಒಪ್ಪಿಲ್ಲ. ಹೋಗಲಿ, ಒಂದು ಪರೀಕ್ಷೆಗೆ ಒಪ್ಪಿದ್ದಾನೆ. ಹೆಲ್ಮೆಟ್ಟು ಕೊಳ್ಳುವ ಕಾಲ ಬಂದಾಗ, ಕ್ಯಾಮೆರಾ ಕಟ್ಟಿ, ನಮ್ಮೂರ ಅಂಗಡಿಯಲ್ಲಿ ಸಿಗುವ ಚೀಲ ಹೊಲಿಯುವ ದಾರವೊಂದನ್ನು ಹಿಂದಿನಿಂದ ಮುಂದಕ್ಕೆ, ಎಡದಿಂದ ಬಲಕ್ಕೆ, ಎಲ್ಲ ದಿಕ್ಕಿನಿಂದಲೂ ಅದರ ಮೇಲೆ ಎಳೆದು ನೋಡುವುದು. ದಾರ ಎಲ್ಲಿ ತಡೆದು ನಿಂತಿತೋ ಅಲ್ಲಿ ಸಂದು ಮುಚ್ಚಿ ಟೇಪು ಸುತ್ತುವುದು, ಮತ್ತೆ ಎಳೆದು ನೋಡುವುದು. ದಾರ ಎಳೆಯುವ ಕೆಲಸ ನನ್ನದೆಂದು ಮಾತಾಗಿದೆ.