ರಿಮ್ಮಿನ ಲೆಕ್ಕವಿದೆ, ಪುಟದ ಲೆಕ್ಕವಿಲ್ಲ

ಬನಹಟ್ಟಿಯಲ್ಲಿ ಮಗ್ಗದ ಮಾಲೀಕರು ನೇಕಾರನಿಗೆ ನೂಲನ್ನು ತೂಗಿ ಕೊಡುತ್ತಾರೆ. ನೇಯ್ದ ಸೀರೆ ಮರಳಿದಾಗ ಎಣಿಸಿ, ಕೂಲಿಯನ್ನು ಅದೇ ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಮುಧೋಳ, ಬೀಳಗಿ ಕಡೆಯ ರೈತ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಚೀಟಿ ಕೈಗೆ ಬರುವವರೆಗೆ ಅಲ್ಲಿಂದ ಕದಲುವುದಿಲ್ಲ. ತೂಕದ ಬಗ್ಗೆ ಗುಮಾನಿ ಹುಟ್ಟಿತೆಂದರೆ ಜಗಳ ಖಂಡಿತ. ಇಂಥ ಲೆಕ್ಕದ ನಾಡಿನ ಕಾಲೇಜುಗಳಲ್ಲಿ ಒಂದು ಪದಾರ್ಥ ಮಾತ್ರ ಯಾರ ವಹಿಗೂ ಸಿಕ್ಕದೆ ಓಡಾಡಿಕೊಂಡಿದೆ. ಅದು ಮುದ್ರಿತ ಪುಟ.

ಈ ಭಾಗದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತಿದ್ದ ನಾನು ಕೆಲವು ವರ್ಷ ಖರೀದಿ ಸಮಿತಿಯಲ್ಲೂ ಇದ್ದೆ. ಒಂದು ಸಭೆಯಲ್ಲಿ ಪ್ರಾಚಾರ್ಯರು, ‘ನಮ್ಮಲ್ಲಿ ಒಂದು ಪುಟ ಮುದ್ರಿಸಲು ಎಷ್ಟು ಬೀಳುತ್ತದೆ?’ ಎಂದು ಕೇಳಿದರು. ವೆಚ್ಚ ಲೆಕ್ಕಶಾಸ್ತ್ರದ ಮೇಷ್ಟರಾದ ನನ್ನ ಬಳಿಯೇ ಉತ್ತರವಿರಲಿಲ್ಲ. ಕಾಗದದ ರಿಮ್ ಎಷ್ಟು ಬಂತು, ಯಾವ ವಿಭಾಗಕ್ಕೆ ಎಷ್ಟು ಹೋಯಿತು ಎಂಬುದು ದಾಸ್ತಾನು ಪುಸ್ತಕದಲ್ಲಿತ್ತು. ಟೋನರಿನ ಬಿಲ್ಲು ಸಾದಿಲ್ವಾರು ವೆಚ್ಚದಲ್ಲಿ, ಯಂತ್ರದ ರಿಪೇರಿ ಇನ್ನೊಂದು ಶೀರ್ಷಿಕೆಯಲ್ಲಿ, ಪ್ರಶ್ನೆಪತ್ರಿಕೆಯ ಮುದ್ರಣ ಪರೀಕ್ಷಾ ನಿಧಿಯಲ್ಲಿ. ನಾಲ್ಕನ್ನೂ ಕೂಡಿಸಿದವರು ಯಾರೂ ಇರಲಿಲ್ಲ. ಕೂಡಿಸಿದ್ದರೂ ಅದನ್ನು ಯಾವುದರಿಂದ ಭಾಗಿಸಬೇಕು? ಪುಟಗಳನ್ನು ಎಣಿಸಿದವರೇ ಇರಲಿಲ್ಲ.

ವಿಚಿತ್ರವೆಂದರೆ ಎಣಿಸುವ ಕೆಲಸವನ್ನು ಯಂತ್ರ ತಾನಾಗಿಯೇ ಮಾಡುತ್ತಿರುತ್ತದೆ. ವಿದ್ಯುತ್ ಮೀಟರಿನಂತೆ ಲೇಸರ್ ಪ್ರಿಂಟರಿನೊಳಗೂ ಒಂದು ಎಣಿಕೆ ಇದೆ. ಗುಂಡಿ ಒತ್ತಿದರೆ ಅದುವರೆಗಿನ ಒಟ್ಟು ಪುಟಗಳ ಸಂಖ್ಯೆಯನ್ನು ಹಾಳೆಯ ಮೇಲೆ ಅಚ್ಚು ಹಾಕಿ ಕೊಡುತ್ತದೆ. ತಿಂಗಳ ಮೊದಲ ದಿನ ಒಬ್ಬ ಸಹಾಯಕ ಎಲ್ಲ ವಿಭಾಗಗಳನ್ನೂ ಸುತ್ತಿ ಈ ಅಂಕಿಗಳನ್ನು ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ನಾವು ಹಾಗೆ ಮಾಡಿದ ಮೇಲೆಯೇ ಗೊತ್ತಾದದ್ದು, ದುಬಾರಿಯಾದದ್ದು ಕಾಗದವಲ್ಲ ಎಂಬುದು. ವಿಭಾಗಕ್ಕೊಂದರಂತೆ ಕೊಂಡಿದ್ದ ಅಗ್ಗದ ಪುಟ್ಟ ಪ್ರಿಂಟರುಗಳ ಟೋನರು ನಮ್ಮನ್ನು ಸುಲಿಯುತ್ತಿತ್ತು. ಟೋನರಿನ ಪೆಟ್ಟಿಗೆಯ ಮೇಲೆ ಬರೆದ ಪುಟಗಳ ಸಂಖ್ಯೆ, ಸಾಮಾನ್ಯವಾಗಿ ಹಾಳೆಯ ಶೇ 5ರಷ್ಟು ಭಾಗದಲ್ಲಿ ಮಾತ್ರ ಮಸಿ ಬೀಳುತ್ತದೆ ಎಂಬ ಲೆಕ್ಕದ್ದು. ಒತ್ತೊತ್ತಾಗಿ ಅಚ್ಚಾದ ಪ್ರಶ್ನೆಪತ್ರಿಕೆಗೂ ಫೋಟೊ ತುಂಬಿದ ವರದಿಗೂ ಆ ಲೆಕ್ಕ ಸಲ್ಲದು.

ಪ್ರಮಾಣದ ಅಂದಾಜಿಗೆ ಒಂದು ಊಹೆಯ ಉದಾಹರಣೆ ಕೊಡುತ್ತೇನೆ. 3,000 ವಿದ್ಯಾರ್ಥಿಗಳ ಆವರಣ. ಸೆಮಿಸ್ಟರಿಗೆ ಆರು ವಿಷಯ, ಪ್ರತಿ ವಿಷಯಕ್ಕೆ ಎರಡು ಕಿರುಪರೀಕ್ಷೆ, ಎರಡು ಪುಟದ ಪ್ರಶ್ನೆಪತ್ರಿಕೆ. ಒಂದೇ ಮಗ್ಗುಲಲ್ಲಿ ಅಚ್ಚು ಹಾಕಿದರೆ 72,000 ಹಾಳೆ, ಅಂದರೆ 144 ರಿಮ್. ಎ4 ಅಳತೆಯ, 75 ಗ್ರಾಂ ದಪ್ಪದ ಕಾಗದವಾದರೆ ಸುಮಾರು 337 ಕಿಲೊ. ಎರಡೂ ಮಗ್ಗುಲಲ್ಲಿ ಹಾಕಿದರೆ ಇದರ ಅರ್ಧ ಸಾಕು. ಇದಕ್ಕೆ ಸಮಿತಿಯ ಠರಾವು ಬೇಡ. ಕಂಪ್ಯೂಟರಿನಲ್ಲಿ ಒಮ್ಮೆ ಆಯ್ಕೆ ಬದಲಾಯಿಸಿದರಾಯಿತು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾಗದದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಹಿಂದೆ ಸೈಕ್ಲೊಸ್ಟೈಲ್ ಇದ್ದ ಕಾಲದಲ್ಲಿ ಮಸಿಯಿಂದ ಕೈ ಕಪ್ಪಾಗುತ್ತಿತ್ತು, ನಿಜ. ಆದರೆ ಸ್ಟೆನ್ಸಿಲ್ ಕೇಳಿ ಪಡೆಯಬೇಕಿದ್ದರಿಂದ ಏನು, ಎಷ್ಟು ಪ್ರತಿ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು. ಅದರ ವಂಶದ ಡಿಜಿಟಲ್ ಡೂಪ್ಲಿಕೇಟರುಗಳು ಈಗಲೂ ಸಿಗುತ್ತವೆ. ಒಂದೇ ಪುಟದ ನೂರಾರು ಪ್ರತಿ ಬೇಕಾದಾಗ ಅವು ಲೇಸರಿಗಿಂತ ಬಹಳ ಅಗ್ಗ. ಐದು ಪುಟದ ಟಿಪ್ಪಣಿಗೂ ಐನೂರು ಪ್ರತಿಯ ಪ್ರಶ್ನೆಪತ್ರಿಕೆಗೂ ಒಂದೇ ಯಂತ್ರವನ್ನು ದುಡಿಸುವುದು ಅವಿವೇಕ.

ಇದಕ್ಕೆಲ್ಲ ತಂತ್ರಾಂಶಗಳೂ ಉಂಟು. ಆಸ್ಟ್ರೇಲಿಯಾದ ಮೆಲ್ಬರ್ನಿನ ಪೇಪರ್‌ಕಟ್ ಹುಟ್ಟಿದ್ದೇ ಶಾಲೆಯೊಂದರ ಇಂಥ ತಲೆನೋವಿನಿಂದ. ಲಿನಕ್ಸ್ ಗಣಕಗಳಲ್ಲಿರುವ ಕಪ್ಸ್ ಎಂಬ ಉಚಿತ ವ್ಯವಸ್ಥೆಯೂ ಯಾರು, ಯಾವಾಗ, ಎಷ್ಟು ಪುಟ ಮುದ್ರಿಸಿದರು ಎಂದು ದಾಖಲಿಸಬಲ್ಲದು. ಬೇಕಾದರೆ ಮಿತಿಯನ್ನೂ ಹೇರಬಲ್ಲದು. ಆದರೆ ಅಧ್ಯಾಪಕರ ಹೆಸರು ಹಿಡಿದು ಪುಟಗಳ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸುವುದನ್ನು ನಾನು ಒಪ್ಪಲಾರೆ. ಹೆಚ್ಚು ಮುದ್ರಿಸಿದವರು ಹೆಚ್ಚು ಪಾಠ ಮಾಡಿದವರೂ ಇರಬಹುದು. ವಿಭಾಗವಾರು ಅಂಕಿ ಸಾಕು. ಅದನ್ನು ತಿಂಗಳಿಗೊಮ್ಮೆ ಎಲ್ಲರ ಮುಂದಿಟ್ಟರೆ ಸಂಕೋಚವೇ ಉಳಿದ ಕೆಲಸ ಮಾಡುತ್ತದೆ. ನಮ್ಮಲ್ಲಿ ಮಾಡಿತ್ತು ಕೂಡ.

ಇಷ್ಟಾಗಿಯೂ ನನ್ನನ್ನು ಕಾಡುವ ಸಂಗತಿ ಬೇರೆಯೇ. ನಮ್ಮ ಅಂಕಿಗಳು ಇಳಿದವು, ನಾವು ಬೆನ್ನು ತಟ್ಟಿಕೊಂಡೆವು. ಆದರೆ ಅದೇ ವರ್ಷ ಟಿಪ್ಪಣಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ‘ಪ್ರಿಂಟ್ ತೆಗೆಸಿಕೊಳ್ಳಿ’ ಎನ್ನುವುದು ರೂಢಿಯಾಯಿತು. ಕಾಲೇಜಿನ ಮುಂದಿನ ಝೆರಾಕ್ಸ್ ಅಂಗಡಿಯ ಸಾಲು ಉದ್ದವಾಯಿತು. ಪ್ರಾಜೆಕ್ಟ್ ವರದಿಯನ್ನು ಬೆರಳಚ್ಚು ಮಾಡಿಸಿ, ಬಣ್ಣದ ಮುಖಪುಟ ಹಾಕಿಸಿ, ಸ್ಪೈರಲ್ ಬೈಂಡಿಂಗ್‌ನೊಂದಿಗೆ ಎರಡು ಪ್ರತಿ ತರಬೇಕೆಂದು ಸೂಚನೆ ಬರೆದವನು ನಾನೇ. ರಬಕವಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಬಂದು, ‘ಸರ್, ಕೈಲೆ ಬರದ್ರ ನಡೀತೈತೇನ್ರಿ?’ ಎಂದಳು. ನಡೆಯುವುದಿಲ್ಲ ಎಂದೆ. ನಿಯಮ ಎಲ್ಲರಿಗೂ ಒಂದೇ ಎಂಬ ಮಾತನ್ನೂ ಸೇರಿಸಿದ ನೆನಪು. ಅವಳು ಮುದ್ರಿಸಿಕೊಂಡೇ ತಂದಳು. ಅದರ ದುಡ್ಡು ಎಷ್ಟು ಸೀರೆಯ ಕೂಲಿಯಿಂದ ಬಂತೆಂದು ನಾನು ಕೇಳಲಿಲ್ಲ. ಅವಳ ಅಕ್ಷರವಾದರೋ ಮುದ್ದಾಗಿತ್ತು.

ರಾಜ್ಯದಲ್ಲಿ 2021ರಿಂದ ಪದವಿ ಪ್ರವೇಶ, ಪರೀಕ್ಷಾ ಅರ್ಜಿಗಳಿಗೆ ಯುಯುಸಿಎಂಎಸ್ ಎಂಬ ಏಕೀಕೃತ ಆನ್‌ಲೈನ್ ವ್ಯವಸ್ಥೆ ಬಂದಿದೆ. ಕಾಗದ ತಪ್ಪಿಸುವುದೂ ಅದರ ಉಪಯೋಗಗಳಲ್ಲೊಂದು ಎಂದುಕೊಂಡಿದ್ದೆವು. ಆದರೆ ಆನ್‌ಲೈನಿನಲ್ಲಿ ತುಂಬಿದ್ದರ ಪ್ರತಿಯನ್ನು ಮುದ್ರಿಸಿ ತಂದುಕೊಡಿ ಎಂದು ಕೇಳುವ ಕಚೇರಿಗಳಿರುವ ತನಕ ವೆಚ್ಚ ಜಾಗ ಬದಲಿಸುತ್ತದೆಯೇ ಹೊರತು ಅಳಿಯುವುದಿಲ್ಲ. ಹಳ್ಳಿಯಿಂದ ಬಸ್ಸಿಳಿದು ಬರುವ ಹುಡುಗನ ಜೇಬನ್ನು ಯಾವ ಲೆಕ್ಕಪರಿಶೋಧಕರೂ ನೋಡುವುದಿಲ್ಲ.

ಬಾಗಲಕೋಟೆ ವಿಶ್ವವಿದ್ಯಾಲಯ 2023ರಲ್ಲಿ ನಮ್ಮ ಜಮಖಂಡಿಯಲ್ಲೇ ಆರಂಭವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಹಣಕಾಸಿನ ಕಾರಣ ಮುಂದಿಟ್ಟು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆ ಸಂಪುಟ ಉಪಸಮಿತಿಯಿಂದ ಬಂದಾಗ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. ಈ ಊರು ಪ್ರತಿಭಟಿಸಿತು. ಹಣದ ಬಿಗಿ ಇರುವ ಕಡೆ ಉಳಿತಾಯದ ಸುತ್ತೋಲೆಗಳು ಬೇಗ ಹುಟ್ಟುತ್ತವೆ. ಅಂಥ ಸುತ್ತೋಲೆ ಇಲ್ಲಿಯ ಯಾವ ಕಾಲೇಜಿಗೆ ಬಂದರೂ ನನ್ನ ಕೋರಿಕೆ ಒಂದೇ. ಪ್ರಿಂಟರಿನ ಎಣಿಕೆ ಬರೆಯುವ ವಹಿಯಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಈ ತಿಂಗಳು ವಿದ್ಯಾರ್ಥಿಗಳಿಂದ ಮುದ್ರಿಸಿ ತರಿಸಿಕೊಂಡ ಪುಟಗಳು. ಕೈಬರಹದ ವರದಿಯನ್ನು ಸ್ವೀಕರಿಸಿ. ಗ್ರಂಥಾಲಯದಲ್ಲಿ ಒಂದು ಪ್ರಿಂಟರ್ ಇಟ್ಟು, ಸೆಮಿಸ್ಟರಿಗೆ ಇಷ್ಟು ಪುಟವೆಂದು ಪ್ರತಿ ವಿದ್ಯಾರ್ಥಿಗೂ ಉಚಿತವಾಗಿ ಕೊಡಿ. ನಮ್ಮ ವಹಿಯಲ್ಲಿ ಆ ಕಾಲಂ ಇರಲಿಲ್ಲ. ಅದನ್ನು ಎಳೆಯುವ ಅಧಿಕಾರವಿದ್ದಾಗ ನನಗೆ ಹೊಳೆಯಲೂ ಇಲ್ಲ.