ಅಣುತ್ಯಾಜ್ಯದ ಆವಿಗೆ ಲೆಕ್ಕವಿರಲಿ

ಅಣುವಿದ್ಯುತ್ತನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯು ಸಾಮಾನ್ಯವಾಗಿ ವಿದ್ಯುತ್ ಸ್ಥಾವರದ ಬಾಗಿಲಲ್ಲಿಯೇ ಮುಗಿದುಹೋಗುತ್ತದೆ. ಉರಿದ ಮೇಲೆ ಉಳಿಯುವ ಬೂದಿಯ ಮಾತನ್ನು ಎತ್ತುವವರು ವಿರಳ. ಆ ಬೂದಿಯನ್ನು ಗಾಜಾಗಿಸುವ ಕುಲುಮೆಯಿಂದ ಏಳುವ ಆವಿಯ ಮಾತನ್ನು ಎತ್ತುವವರಂತೂ ಇನ್ನೂ ವಿರಳ. ಇಂದು ನಾವು ವಾಚಕರ ಲಕ್ಷ್ಯವನ್ನು ಸೆಳೆಯಬಯಸುವುದು ಈ ಕೊನೆಯ ವಿಷಯದತ್ತ.

ಬಳಸಿದ ಇಂಧನವನ್ನು ಪುನಃ ಸಂಸ್ಕರಿಸಬೇಕೆಂಬುದು ಭಾರತ ಸರಕಾರದ ನೀತಿ. ಆ ಸಂಸ್ಕರಣದ ತರುವಾಯ ಉಳಿಯುವ ನೈಟ್ರಿಕ್ ಆಮ್ಲಮಿಶ್ರಿತ ದ್ರವವು ಅತ್ಯುಗ್ರವಾದ ವಿಕಿರಣ ತ್ಯಾಜ್ಯ. ಇದನ್ನು ತೊಟ್ಟಿಗಳಲ್ಲಿ ತುಂಬಿಟ್ಟು ಕೈಕಟ್ಟಿ ಕೂಡುವಂತಿಲ್ಲ. ಅಮೇರಿಕದ ಹ್ಯಾನ್‌ಫರ್ಡ್‌ನಲ್ಲಿ 177 ನೆಲದಡಿಯ ತೊಟ್ಟಿಗಳ ಪೈಕಿ ಹಲವು ಸೋರಿ, ವಿಷವು ಮಣ್ಣಿಗಿಳಿದ ಕಥೆ ಲೋಕಕ್ಕೆಲ್ಲ ತಿಳಿದಿದೆ. ಆದುದರಿಂದ ಈ ದ್ರವವನ್ನು ಗಾಜಿನ ಸಾಮಗ್ರಿಯೊಡನೆ ಸುಮಾರು 1000 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಕರಗಿಸಿ, ಉಕ್ಕಿನ ಪಾತ್ರೆಗಳಲ್ಲಿ ಎರಕ ಹೊಯ್ಯುವ ಪದ್ಧತಿಯು ಬಂದಿತು. ಫ್ರಾನ್ಸಿನ ಮಾರ್ಕೂಲಿನಲ್ಲಿ ಇಂತಹ ಸ್ಥಾವರವು 1978ರಲ್ಲಿ ಆರಂಭವಾಯಿತು. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ವಿದ್ಯೆಯನ್ನು ಸಾಧಿಸಿಕೊಂಡ ನಮ್ಮ ವಿಜ್ಞಾನಿಗಳ ಬಗ್ಗೆ ನಮಗೆ ಅಭಿಮಾನವಿದೆ. ಆ ಅಭಿಮಾನವಿರುವುದರಿಂದಲೇ ಒಂದೆರಡು ಪ್ರಶ್ನೆಗಳನ್ನು ಕೇಳುತ್ತೇವೆ.

ಕುಲುಮೆಗೆ ಹಾಕಿದ್ದೆಲ್ಲವೂ ಗಾಜಿನಲ್ಲಿ ನಿಲ್ಲುವುದಿಲ್ಲ. ನೈಟ್ರೇಟುಗಳು ಒಡೆದು ನೈಟ್ರೋಜನ್ ಆಕ್ಸೈಡುಗಳಾಗಿ ಮೇಲೇಳುತ್ತವೆ. ಮೂವತ್ತು ವರ್ಷಗಳಲ್ಲಿ ಅರ್ಧಕ್ಕಿಳಿಯುವ ಸೀಸಿಯಂ-137 ಕಾವಿಗೆ ಆವಿಯಾಗುತ್ತದೆ. ರುಥೇನಿಯಂ-106 ಆಮ್ಲದ ಸಹವಾಸದಲ್ಲಿ ಅನಿಲರೂಪವನ್ನು ತಾಳಿ ಹೊರಟು, ತಂಪಾದ ಕೊಳವೆಗಳ ಗೋಡೆಗೆ ಕಪ್ಪಾಗಿ ಹತ್ತುತ್ತದೆ. ಯಂತ್ರಜ್ಞರು ಇದಕ್ಕೆ ಸುಮ್ಮನಿಲ್ಲ. ದ್ರವಕ್ಕೆ ಸಕ್ಕರೆಯನ್ನು ಬೆರಸಿ ರುಥೇನಿಯಂನ ಹಾರಿಕೆಯನ್ನು ತಗ್ಗಿಸುವ ಉಪಾಯವೂ ಬಳಕೆಯಲ್ಲಿದೆ. ಹೊರಟ ಅನಿಲವನ್ನು ತಣಿಸಿ, ನೀರಿನಲ್ಲಿ ತೊಳೆದು, ಕೊನೆಗೆ 0.3 ಮೈಕ್ರಾನಿನ ಕಣಗಳಲ್ಲಿಯೂ 10,000ಕ್ಕೆ 9,997ನ್ನು ಹಿಡಿಯುವ ಸೋಸುಪರದೆಗಳ ಮೂಲಕ ಹಾಯಿಸುತ್ತಾರೆ. ಆದರೆ ಈ ಪರದೆ ಹಿಡಿಯುವುದು ಕಣವನ್ನು, ಅನಿಲವನ್ನಲ್ಲ. ತೇವವು ತಾಗಿದರೆ ಅದರ ಶಕ್ತಿಯೂ ಕುಂದುತ್ತದೆ. ಹಿಂದಿನ ಮಜಲಿನಲ್ಲಿ ತಪ್ಪಿಸಿಕೊಂಡುದನ್ನು ಮುಂದಿನದು ಹಿಡಿದೇ ಹಿಡಿಯುವುದೆಂಬ ಭರವಸೆಯಿಲ್ಲ. ಆದುದರಿಂದ ಕೊನೆಯ ಸಾಕ್ಷಿ ಹೊಗೆಗೊಳವೆಯ ತುದಿಯ ಅಳತೆಯೇ ಸರಿ.

2017ರ ಶರತ್ಕಾಲದಲ್ಲಿ ಯುರೋಪಿನ ಅನೇಕ ದೇಶಗಳ ಗಾಳಿಯಲ್ಲಿ ರುಥೇನಿಯಂ-106 ಕಾಣಿಸಿಕೊಂಡಿತು. ಪ್ರಮಾಣವು ಅಲ್ಪವಾಗಿದ್ದಿತು. 2019ರಲ್ಲಿ ಪ್ರಕಟವಾದ ವಿಜ್ಞಾನಿಗಳ ಅಧ್ಯಯನವು ರಷ್ಯದ ಮಯಾಕ್ ಸಂಸ್ಕರಣ ಕೇಂದ್ರದತ್ತ ಬೆರಳು ತೋರಿತು. ರಷ್ಯವು ಅದನ್ನು ಅಲ್ಲಗಳೆಯಿತು. ಅದು ಗಾಜಿನ ಕುಲುಮೆಯಿಂದಲೇ ಬಂದಿತೆಂದು ನಾವು ಹೇಳುವುದಿಲ್ಲ. ನಮಗೆ ಬೇಕಾದ ಪಾಠವು ಬೇರೆ: ಸುದ್ದಿಯು ಬಂದದ್ದು ಬಿಟ್ಟವರಿಂದಲ್ಲ, ಅಳೆದ ನೆರೆಹೊರೆಯವರಿಂದ.

ನಮ್ಮಲ್ಲಿ ಅಳೆಯುವವರು ಯಾರು? 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಸ್ಥಾಪಿತವಾಯಿತು. ಆದರೆ 2000ರಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದ ಸ್ಥಾವರಗಳ ಮೇಲ್ವಿಚಾರಣೆಯನ್ನು ಆ ಮಂಡಳಿಯ ಕೈಯಿಂದ ತೆಗೆದು, ಕೇಂದ್ರದ ಒಳಗಿನ ಸಮಿತಿಗೇ ಒಪ್ಪಿಸಲಾಯಿತು. ಅಂದು ಮಾಡಿದ ಈ ಏರ್ಪಾಡನ್ನು ನಾವು ಒಪ್ಪಲಾರೆವು. ಅಧಿಕಾರಿಗಳ ಪ್ರಾಮಾಣಿಕತೆಯನ್ನು ಶಂಕಿಸುವುದಲ್ಲ ಇದು. ತಕ್ಕಡಿಯನ್ನು ಹಿಡಿದವನೇ ತೂಕಕ್ಕೆ ಸಾಕ್ಷಿಯಾದರೆ ತೂಕವು ಸರಿಯಾಗಿದ್ದರೂ ಜನ ನಂಬುವುದಿಲ್ಲ.

ಅಂಕೆಸಂಖ್ಯೆಗಳನ್ನು ಹೊರಗಿಟ್ಟರೆ ಅಜ್ಞಜನರು ಗಾಬರಿಗೊಳ್ಳುವರೆಂಬ ವಾದವುಂಟು. ಈ ವಾದವು ನಮ್ಮ ಜನರಿಗೆ ಹೊಸದಲ್ಲ. ಪರರ ಆಳಿಕೆಯಲ್ಲಿಯೂ ಇದನ್ನೇ ಕೇಳಿದ್ದೇವೆ. ಗಾಬರಿಯು ಹುಟ್ಟುವುದು ತಿಳಿವಳಿಕೆಯಿಂದಲ್ಲ, ಮರೆಮಾಚುವಿಕೆಯಿಂದ. ಬಿಡುಗಡೆಯು ಮಿತಿಯೊಳಗಿದ್ದರೆ ಆ ಮಿತಿಯನ್ನೂ ಬಿಡುಗಡೆಯನ್ನೂ ಒಂದೇ ಪುಟದಲ್ಲಿ ಅಚ್ಚುಮಾಡಲು ಅಂಜಿಕೆಯೇಕೆ?

ನಮ್ಮ ಬೇಡಿಕೆಗಳು ಮೂರು. ಹೊಗೆಗೊಳವೆಯಿಂದ ಹೋದ ಸೀಸಿಯಂ, ರುಥೇನಿಯಂ, ಅಯೋಡೀನ್‌ಗಳ ಪ್ರಮಾಣವನ್ನು ಬೇರೆಬೇರೆಯಾಗಿ, ತಿಂಗಳಿಗೊಮ್ಮೆ ಪ್ರಕಟಿಸಬೇಕು. ಬೇಲಿಯ ಹೊರಗಿನ ಗಾಳಿಯನ್ನು, ಸ್ಥಾವರವನ್ನು ನಡೆಯಿಸದ ಸಂಸ್ಥೆಯೊಂದು ಅಳೆಯಬೇಕು. ಆ ಲೆಕ್ಕವು ಇಂಗ್ಲಿಷಿನಲ್ಲಷ್ಟೇ ಅಡಗಿರದೆ, ಆಯಾ ಊರಿನವರ ಮರಾಠಿ, ತಮಿಳು ಭಾಷೆಗಳಲ್ಲಿ ಬರಬೇಕು. ಕನ್ನಡದಲ್ಲಿಯೂ ಬರಲಿ, ಕೈಗಾದ ಬೆಳಕನ್ನು ಉಣ್ಣುವ ನಮಗೆ, ಅಣು ಇಂಧನದ ಶೇಷವನ್ನು ಹೊತ್ತ ಊರುಗಳ ಗಾಳಿ ಹೇಗಿದೆಯೆಂದು ವಿಚಾರಿಸುವ ಹೊಣೆಯಿದೆ.

ವಿಷವನ್ನು ಗಾಜಿನಲ್ಲಿ ಸೆರೆಹಿಡಿದವರು ನಮ್ಮವರೇ. ಸೆರೆಯಿಂದ ಎಷ್ಟು ತಪ್ಪಿಸಿಕೊಂಡಿತೆಂಬುದನ್ನು ಹೇಳುವ ಧೈರ್ಯವನ್ನೂ ಅವರು ತೋರಲಿ.